ಕಾಣದ ಜೀವಿಗಳ ಓದು

ನಮ್ಮ ಸಂಘದ ಹಳೆಯ ಸದಸ್ಯರೊಬ್ಬರು ಹೋದ ತಿಂಗಳು ಒಂದು ಸಂಜೆ ನಮ್ಮ ಮನೆಗೆ ದಯಮಾಡಿಸಿದರು. ಮೂಲತಃ ಬೀದರ ಜಿಲ್ಲೆಯವರು; ಹೈದರಾಬಾದಿಗೆ ಬಂದು ಮೂವತ್ತು ವರ್ಷ ಮೀರಿತು. ಚಹ ಮುಗಿಯುವವರೆಗೆ ಅದೂ ಇದೂ ಮಾತಾಡಿ, ಕೊನೆಗೆ ಬಂದ ಕಾರ್ಯವನ್ನು ಹೇಳಿದರು. ಬಿ.ಎಸ್ಸಿ. ಮುಗಿಸಿದ ಮಗಳು ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಅದರಲ್ಲಿಯೂ ಸೂಕ್ಷ್ಮಜೀವಿಗಳು ಮಣ್ಣುನೀರಿನಲ್ಲಿ ಹೇಗೆ ಬಾಳುತ್ತವೆ, ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದಲಾಗುತ್ತವೆ ಎಂಬುದೇ ಅವಳಿಗೆ ಬೇಕಂತೆ.

“ಬಿ.ಎಡ್. ಮಾಡಿದ್ರ ಒಂದು ಸಾಲಿ ಸಿಕ್ಕೀತು. ಬ್ಯಾಂಕಿನ ಪರೀಕ್ಷಾ ಬರದ್ರ ಒಂದು ಕುರ್ಚಿ ಸಿಕ್ಕೀತು. ಈ ಹುಳದ ಓದಿಗೆ ಯಾರು ಅನ್ನ ಹಾಕ್ತಾರ್ರಿ? ನೀವು ಓದಿದವರು, ಆಕಿಗೆ ಒಂದು ಮಾತು ಹೇಳ್ರಿ” ಎಂದರು.

ನಾವು ಓದಿದ್ದು ಬಿ.ಎ.; ವಿಜ್ಞಾನಕ್ಕೂ ನಮಗೂ ಹೈಸ್ಕೂಲಿನಲ್ಲಿಯೇ ಋಣ ಹರಿದಿತ್ತು. ಆದರೂ ಹಿರಿಯರ ಮಾತು ತೆಗೆದುಹಾಕಲಾರದೆ ಮುಂದಿನ ಭಾನುವಾರ ಅವರ ಮನೆಗೆ ಹೋದೆವು. ಬುದ್ಧಿ ಹೇಳಲು ಹೋದವರು ಬುದ್ಧಿ ಕಲಿತು ಬಂದದ್ದು ಹೇಗೆಂಬುದೇ ಈ ಸಲದ ಸಮಾಚಾರ.

ಹುಡುಗಿ ವಾದಕ್ಕೆ ನಿಲ್ಲಲಿಲ್ಲ. “ಕಾಕಾ, ನಿಮ್ಮ ಮನ್ಯಾಗ ದಿನಾ ಹಾಲಿಗೆ ಹೆಪ್ಪು ಹಾಕ್ತಾರಲ್ರಿ?” ಎಂದು ಕೇಳಿದಳು. ಹೌದೆಂದೆವು. ನಿನ್ನೆಯ ಮೊಸರಿನ ಒಂದು ಚಮಚ ಇಂದಿನ ಹಾಲಿಗೆ, ಇಂದಿನದರ ಒಂದು ಚಮಚ ನಾಳಿನ ಹಾಲಿಗೆ. ಊರು ಬಿಟ್ಟು ಬಂದ ಎಷ್ಟೋ ಮನೆಗಳಲ್ಲಿ ಈ ಹೆಪ್ಪಿನ ಸರಣಿ ವರ್ಷಗಟ್ಟಲೆ ಕಡಿಯದೆ ನಡೆದು ಬಂದಿರುತ್ತದೆ. ಆ ಚಮಚದಲ್ಲಿ ಇರುವವರೇ ಅವಳ ಸೂಕ್ಷ್ಮಜೀವಿಗಳು.

ಅಮೆರಿಕದ ರಿಚರ್ಡ್ ಲೆನ್ಸ್ಕಿ ಎಂಬ ವಿಜ್ಞಾನಿ 1988ರಲ್ಲಿ ಹೆಚ್ಚು ಕಡಿಮೆ ಇದೇ ಕೆಲಸವನ್ನು ಆರಂಭಿಸಿದರಂತೆ. ಹಾಲಿನ ಬದಲು ಸಕ್ಕರೆಯ ಅಂಶವುಳ್ಳ ದ್ರವ. ಮೊಸರಿನ ಬ್ಯಾಕ್ಟೀರಿಯದ ಬದಲು ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯ. ಒಟ್ಟು 12 ಸೀಸೆಗಳು. ಪ್ರತಿದಿನ ಪ್ರತಿ ಸೀಸೆಯ ನೂರರಲ್ಲಿ ಒಂದು ಪಾಲನ್ನು ಹೊಸ ದ್ರವಕ್ಕೆ ಹಾಕುವುದು, ಅಷ್ಟೆ. ಒಂದು ದಿನದಲ್ಲಿ ಅವಕ್ಕೆ ಆರೇಳು ತಲೆಮಾರು ಕಳೆಯುತ್ತದೆ. ಈಗ 75,000 ತಲೆಮಾರು ದಾಟಿದೆ. ಮನುಷ್ಯರ ತಲೆಮಾರನ್ನು 25 ವರ್ಷವೆಂದು ಹಿಡಿದು ನಾವು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆವು: ಹದಿನೆಂಟು ಲಕ್ಷ ವರ್ಷಕ್ಕೂ ಮಿಗಿಲು! ಅಷ್ಟರಲ್ಲಿ ಒಂದು ಸೋಜಿಗ ನಡೆಯಿತು. ಆ ದ್ರವದಲ್ಲಿ ಸಿಟ್ರೇಟ್ ಎಂಬ, ನಿಂಬೆಹುಳಿಗೆ ಸಂಬಂಧಪಟ್ಟ ವಸ್ತುವೂ ಇತ್ತು. ಗಾಳಿಯಾಡುವ ಕಡೆ ಇ. ಕೋಲಿ ಅದನ್ನು ತಿನ್ನಲಾರದು. ಸುಮಾರು 31,000 ತಲೆಮಾರು ಕಳೆದ ಮೇಲೆ 12ರಲ್ಲಿ ಒಂದೇ ಒಂದು ಸೀಸೆಯವು ಅದನ್ನು ತಿನ್ನಲು ಕಲಿತುಬಿಟ್ಟವು. ಈ ಸಂಗತಿ 2008ರಲ್ಲಿ ಪ್ರಕಟವಾಯಿತು. ವಿಕಾಸವೆಂದರೆ ಕಪಿಯಿಂದ ಮಾನವನೆಂಬ ಒಂದು ಹಳೆಯ ಚಿತ್ರ ಮಾತ್ರ ನಮ್ಮ ತಲೆಯಲ್ಲಿತ್ತು. ಅದು ಕಣ್ಣೆದುರಿಗೇ ನಡೆಯುವ ಕೆಲಸವೆಂದು ಅಂದು ತಿಳಿಯಿತು.

“ಅದೆಲ್ಲ ಅಮೆರಿಕದ ಮಾತಾಯಿತಮ್ಮ, ನಮಗೇನು?” ಎಂದೆವು.

“ಊರಿಗೆ ಹೋಗೂ ಮುಂದ ಬಸ್ಸು ಯಾವ ದಾರಿ ಹಿಡೀತದ, ಕಾಕಾ?” ಎಂದಳು.

ಬೀದರಕ್ಕಾಗಲಿ ಕಲಬುರಗಿಗಾಗಲಿ ಬಸ್ಸಿನಲ್ಲಿ ಹೋಗುವ ನಮ್ಮವರಿಗೆ ಪಟನ್‌ಚೆರು ಗೊತ್ತಿಲ್ಲದ ಊರಲ್ಲ. ನಗರದಿಂದ ಸುಮಾರು 30 ಕಿಲೋಮೀಟರ್ ದೂರ, ಮುಂಬಯಿ ಹೆದ್ದಾರಿಯ ಮೇಲೆ. ಆ ಸುತ್ತಿನಲ್ಲಿ ಔಷಧಿ ತಯಾರಿಸುವ ಕಾರಖಾನೆಗಳು ಬಹಳ. ಸುಮಾರು 90 ಕಾರಖಾನೆಗಳ ಕೊಳೆನೀರನ್ನು ಶುದ್ಧಿಮಾಡುತ್ತಿದ್ದ ಅಲ್ಲಿನ ಒಂದು ಸಾಮೂಹಿಕ ಕೇಂದ್ರದಿಂದ ಹೊರಬಿದ್ದ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಶುದ್ಧಿಯಾದ ಮೇಲಿನ ಆ ನೀರಿನಲ್ಲಿ ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಔಷಧಿ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಅಂಗಡಿಯಲ್ಲಿ ಸಿಗುವ ಮಾತ್ರೆ 500 ಮಿಲಿಗ್ರಾಮಿನದು. ಎಂದರೆ ಒಂದು ಬಕೆಟ್ಟು ನೀರಿಗೆ ಒಂದು ಮಾತ್ರೆ ಕರಗಿಸಿದಷ್ಟು! ದಿನವೊಂದಕ್ಕೆ ಹೊರಗೆ ಹರಿಯುತ್ತಿದ್ದದ್ದು ಸುಮಾರು 45 ಕಿಲೋಗ್ರಾಂ ಎಂದು ಅವರ ಅಂದಾಜು. ಮಾತ್ರೆಗಳಲ್ಲಿ ಎಣಿಸಿದರೆ ತೊಂಬತ್ತು ಸಾವಿರವಾಯಿತು.

ಔಷಧಿ ಹರಿದರೆ ಕ್ರಿಮಿಗಳು ಸತ್ತವು, ಒಳ್ಳೆಯದೇ ಆಯಿತಲ್ಲ ಎಂದು ಯಾರಾದರೂ ಕೇಳಿಯಾರು. ನಾವೂ ಕೇಳಿದೆವು. ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಲ್ಲಿ ಎಲ್ಲೋ ಕೆಲವಕ್ಕೆ ಆಕಸ್ಮಿಕವಾಗಿ ಆ ಔಷಧಿಯನ್ನು ತಾಳುವ ಗುಣ ಬಂದಿರುತ್ತದೆ. ಮಿಕ್ಕವೆಲ್ಲ ಸತ್ತಾಗ ಆ ಕೆಲವಕ್ಕೇ ಹೊಲವೆಲ್ಲ ಬಿಟ್ಟುಕೊಟ್ಟ ಹಾಗಾಗುತ್ತದೆ. ಅವುಗಳ ಸಂತತಿಯೇ ಬೆಳೆಯುತ್ತದೆ. ಅಷ್ಟೇ ಅಲ್ಲ. ಪ್ಲಾಸ್ಮಿಡ್ ಎಂಬ ಪುಟ್ಟ ಬಳೆಯಂತಹ ಡಿ.ಎನ್.ಎ. ತುಣುಕಿನಲ್ಲಿ ಆ ಗುಣವಿದ್ದರೆ, ಬ್ಯಾಕ್ಟೀರಿಯ ಅದರ ನಕಲನ್ನು ಪಕ್ಕದಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಕ್ಕೂ ಕೊಡಬಲ್ಲದು. ನಾವು ನೆರೆಮನೆಗೆ ಗೋಡೆಯ ಮೇಲಿಂದ ಬಟ್ಟಲು ಸಾರು ಕೊಡುತ್ತೇವಲ್ಲ, ಹಾಗೆ. ಹಳ್ಳದ ನಿರುಪದ್ರವಿ ಬ್ಯಾಕ್ಟೀರಿಯ ಕಲಿತ ವಿದ್ಯೆ ಒಂದು ದಿನ ರೋಗ ತರುವ ಬ್ಯಾಕ್ಟೀರಿಯಕ್ಕೂ ದಕ್ಕೀತು.

ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದವರು ಸ್ವೀಡನ್ನಿನವರೊಡನೆ ಸೇರಿ ಅಂತಹ ಕೊಳೆನೀರಿನ ಕೇಂದ್ರದ ಬ್ಯಾಕ್ಟೀರಿಯಗಳನ್ನು ಬೆಳೆಸಿ ನೋಡಿ 2013ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಬಹುಪಾಲು ಇಪ್ಪತ್ತು ಅಥವಾ ಅದಕ್ಕೂ ಹೆಚ್ಚು ಬಗೆಯ ಆಂಟಿಬಯಾಟಿಕ್‌ಗಳಿಗೆ ಬಗ್ಗಲಿಲ್ಲ. ಜಗತ್ತಿನಲ್ಲಿ 2019ನೆಯ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಗಳಿಂದಲೇ ಸತ್ತವರು ಸುಮಾರು 12.7 ಲಕ್ಷ ಜನರೆಂದು ಲೆಕ್ಕ ಹಾಕಿದ್ದಾರೆ. ಕೊಳೆನೀರಿನಲ್ಲಿ ಆಂಟಿಬಯಾಟಿಕ್ ಎಷ್ಟಿರಬಹುದೆಂದು ಮಿತಿ ಹಾಕುವ ಕರಡು ನಿಯಮವನ್ನು ಕೇಂದ್ರ ಪರಿಸರ ಸಚಿವಾಲಯ 2020ರಲ್ಲಿ ಹೊರಡಿಸಿತು. 2021ರ ಅಂತಿಮ ನಿಯಮದಲ್ಲಿ ಆ ಮಿತಿಗಳು ಇರಲಿಲ್ಲ. ಕರಡಿಗೂ ಅಂತಿಮ ಆಜ್ಞೆಗೂ ನಡುವೆ ಏನೇನು ಉದುರಿಹೋಗುತ್ತದೆಂಬುದು ಕಡತ ನೋಡುವ ನಮ್ಮಂತಹ ಗುಮಾಸ್ತರಿಗೆ ಹೊಸದಲ್ಲ. ಆದರೆ ಅಳೆಯುವವರೇ ಇಲ್ಲದಿದ್ದರೆ ಕಡತವೇ ಹುಟ್ಟುವುದಿಲ್ಲ.

ನೆಲದ ಮಾತು ಹೀಗಾದರೆ, ಇದೇ ಊರಿನ ಆಕಾಶದ ಮಾತು ಇನ್ನೊಂದು. 2005ರ ಏಪ್ರಿಲ್‌ನಲ್ಲಿ ಹೈದರಾಬಾದಿನ ಟಾಟಾ ಸಂಶೋಧನ ಸಂಸ್ಥೆಯ ಬಲೂನು ಕೇಂದ್ರದಿಂದ ಒಂದು ದೊಡ್ಡ ಬಲೂನನ್ನು ಹಾರಿಸಿ, 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಹಿಡಿದು ತಂದರು. ಹಬ್ಸಿಗುಡದ ಸಿ.ಸಿ.ಎಂ.ಬಿ.ಯಲ್ಲಿಯೂ ಪುಣೆಯ ಅದೇ ಕೇಂದ್ರದಲ್ಲಿಯೂ ಅದನ್ನು ಶೋಧಿಸಿದಾಗ ಮೂರು ಹೊಸ ಜಾತಿಯ ಬ್ಯಾಕ್ಟೀರಿಯಗಳು ಸಿಕ್ಕವೆಂದು 2009ರಲ್ಲಿ ಇಸ್ರೋ ಪ್ರಕಟಿಸಿತು. ಒಂದಕ್ಕೆ ಆರ್ಯಭಟನ ಹೆಸರು, ಒಂದಕ್ಕೆ ಇಸ್ರೋ ಹೆಸರು, ಇನ್ನೊಂದಕ್ಕೆ ಖಗೋಳಜ್ಞ ಫ್ರೆಡ್ ಹಾಯ್ಲ್ ಹೆಸರು. ಅವು ಬೇರೆ ಲೋಕದಿಂದ ಬಂದವೆಂದು ಸಿದ್ಧವಾಗಿಲ್ಲವೆಂಬ ಮಾತನ್ನೂ ಅವರು ಮರೆಯದೆ ಹೇಳಿದರು. ಆ ಪ್ರಯೋಗಕ್ಕೆ ಹಿರಿಯರಾಗಿ ನಿಂತವರು ಇಬ್ಬರು: ಸಿ.ಸಿ.ಎಂ.ಬಿ. ಕಟ್ಟಿದ ಪಿ.ಎಂ. ಭಾರ್ಗವ ಅವರು, ಉಡುಪಿ ಕಡೆಯ ಅದಮಾರಿನಲ್ಲಿ ಹುಟ್ಟಿದ ನಮ್ಮ ಯು.ಆರ್. ರಾವ್ ಅವರು. 2017ರಲ್ಲಿ ಎಂಟು ದಿನಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು.

ಇನ್ನು ಅನ್ನದ ಪ್ರಶ್ನೆ. ಹುಡುಗಿ ಅದನ್ನೂ ಬರೆದಿಟ್ಟುಕೊಂಡಿದ್ದಳು. ಎಂ.ಎಸ್ಸಿ. ಎರಡು ವರ್ಷ. ಉಸ್ಮಾನಿಯಾದಂತಹ ರಾಜ್ಯದ ವಿಶ್ವವಿದ್ಯಾನಿಲಯಗಳಿಗೆ ಸಿ.ಪಿ.ಗೆಟ್ ಎಂಬ ಪ್ರವೇಶ ಪರೀಕ್ಷೆ ಉಂಟು. ಮಣ್ಣು, ನೀರಿನಿಂದ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ಬೆಳೆಸುವುದು, ಬೆಳೆಯಲೊಲ್ಲದವನ್ನು ಡಿ.ಎನ್.ಎ. ಓದಿ ಗುರುತಿಸುವುದು, ಅಂಕಿಗಳನ್ನು ಕಂಪ್ಯೂಟರಿನಲ್ಲಿ ಅಳೆದು ತೂಗುವುದು, ಇವು ಕಲಿಯತಕ್ಕ ಕಸುಬು. ಮುಗಿದ ಕೂಡಲೇ ದೊಡ್ಡ ಸಂಬಳ ಕಾದಿರುತ್ತದೆಂದು ಅವಳೂ ಹೇಳಲಿಲ್ಲ. ಔಷಧಿ ಕಾರಖಾನೆಯ ಪರೀಕ್ಷಾಲಯದಲ್ಲಿ, ಆಸ್ಪತ್ರೆಯಲ್ಲಿ, ನೀರು ಪರೀಕ್ಷಿಸುವ ಕಡೆ ಸಣ್ಣದಾಗಿ ಆರಂಭಿಸಬೇಕು. ಮುಂದೆ ಓದುವುದಾದರೆ, ಸಿ.ಎಸ್.ಐ.ಆರ್. ನೆಟ್ ಪರೀಕ್ಷೆಯಲ್ಲಿ ಫೆಲೋಶಿಪ್ ಗೆದ್ದವರಿಗೆ 2023ರಲ್ಲಿ ಗೊತ್ತುಮಾಡಿದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000. ಅದು ಎಲ್ಲರಿಗೂ ಸಿಗುವುದಿಲ್ಲ. ಸಿಕ್ಕರೆ ಮನೆಗೆ ಭಾರವಿಲ್ಲ.

ಹೊರಡುವಾಗ ನಮ್ಮದೊಂದು ತಪ್ಪನ್ನು ಒಪ್ಪಿಕೊಂಡೆವು. ನೆಗಡಿಯಾದಾಗ ವೈದ್ಯರನ್ನು ಕೇಳದೆ ಅಂಗಡಿಯಿಂದ ಆಂಟಿಬಯಾಟಿಕ್ ತಂದು, ಎರಡು ದಿನ ನುಂಗಿ, ಉಳಿದದ್ದನ್ನು ಕಚೇರಿಯ ಮೇಜಿನ ಖಾನೆಯಲ್ಲಿ ಇಟ್ಟು ಸಹೋದ್ಯೋಗಿಗಳಿಗೆ ದಾನ ಮಾಡುವುದು ನಮ್ಮ ಪದ್ಧತಿ. ನೆಗಡಿ ವೈರಸ್ಸಿನದು, ಆ ಮಾತ್ರೆ ಅದರ ಗೊಡವೆಗೇ ಹೋಗುವುದಿಲ್ಲವಂತೆ! ನಮ್ಮ ಹೊಟ್ಟೆಯೊಳಗೂ ಒಂದು ಸಣ್ಣ ಪಟನ್‌ಚೆರು ನಡೆಸುತ್ತಿದ್ದೆವು. “ಉಳಿದದ್ದನ್ನು ಮೋರಿಗೆ ಸುರಿದುಬಿಡಲೆ?” ಎಂದರೆ, ಹುಡುಗಿ ಹಣೆ ಚಚ್ಚಿಕೊಂಡು, “ಮೋರಿಗೆ ಬ್ಯಾಡ್ರಿ ಕಾಕಾ, ಅಲ್ಲೇ ಅವು ಕಲಿಯೋದು!” ಎಂದಳು. ಇಷ್ಟು ಹೊತ್ತೂ ಬಾಗಿಲ ಬಳಿ ಸುಮ್ಮನೆ ಕುಳಿತಿದ್ದ ತಂದೆ ಆಗ ಮೊದಲ ಬಾರಿ ನಕ್ಕರು. ಸ್ವಲ್ಪ ತಡೆದು, “ಅರ್ಜಿಗೆ ಕಡೀ ದಿನ ಯಾವುದು?” ಎಂದು ಕೇಳಿದರು.

ಅರ್ಜಿ ಹೋಗಿದೆ. ನಮ್ಮ ಖಾನೆ ಖಾಲಿಯಾಗಿದೆ. ಮಾತ್ರೆ ಕೇಳಿ ಬಂದವರನ್ನು ವೈದ್ಯರ ಬಳಿಗೆ ಕಳುಹಿಸುತ್ತಿದ್ದೇವೆ. ಪರೀಕ್ಷೆಯ ಫಲಿತಾಂಶವನ್ನು ಮುಂದಿನ ಸಂಚಿಕೆಯಲ್ಲಿ ವಾಚಕರಿಗೆ ತಿಳಿಸುತ್ತೇವೆ.