ಫ್ರೆಂಚರಿಂದ ಕಲಿಯಬೇಕಾದ್ದು, ಕಲಿಯಬಾರದ್ದು

ರಾಜ್ಯೋತ್ಸವದ ವೇದಿಕೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: 'ಭಾಷಾಭಿಮಾನ ಅಂದರೆ ಫ್ರೆಂಚರದ್ದು! ಅವರನ್ನು ನೋಡಿ ಕಲಿಯಿರಿ.' ನಾವೂ ಚಪ್ಪಾಳೆ ತಟ್ಟಿದ್ದೇವೆ. ಕಲಿಯೋಣ, ಬೇಡವೆಂದವರಾರು? ಆದರೆ ಆ ಭಾಷೆ ಗದ್ದುಗೆ ಏರಿದ ಕಥೆಯನ್ನು ಪೂರ್ತಿ ಕೇಳಿ ಕಲಿಯೋಣ.

ಒಂದು ಕಾಲಕ್ಕೆ ಫ್ರಾನ್ಸಿನ ನ್ಯಾಯಾಲಯಗಳಲ್ಲಿ ಲ್ಯಾಟಿನ್ನಿನ ದರ್ಬಾರಿತ್ತು. ಜನರಿಗೆ ತಿಳಿಯದ ಭಾಷೆಯಲ್ಲಿ ಜನರಿಗೆ ತೀರ್ಪು! 1539ರಲ್ಲಿ ದೊರೆ ಒಂದನೇ ಫ್ರಾನ್ಸ್ವಾ, ಕೋರ್ಟಿನ ಕಾಗದಪತ್ರಗಳೆಲ್ಲ ಫ್ರೆಂಚಿನಲ್ಲೇ ಇರಬೇಕೆಂದು ಆಜ್ಞೆ ಹೊರಡಿಸಿದ. 1635ರಲ್ಲಿ ಮಂತ್ರಿ ರಿಶೆಲಿಯು ಫ್ರೆಂಚ್ ಅಕಾಡೆಮಿ ಕಟ್ಟಿಸಿದ. ಅದರ ನಲವತ್ತು ಪೀಠಗಳು ಇಂದಿಗೂ ಇವೆ. 1994ರ ತುಬೋ ಕಾನೂನು ಜಾಹೀರಾತಿನಿಂದ ಹಿಡಿದು ನೌಕರಿಯ ಕರಾರಿನವರೆಗೆ ಫ್ರೆಂಚನ್ನು ಕಡ್ಡಾಯ ಮಾಡಿತು. ಇದು ಇಚ್ಛಾಶಕ್ತಿ. ಇದಕ್ಕೆ ನಮ್ಮ ಸಲಾಮು.

ಇನ್ನು ಭಾಷಣಕಾರರು ಹೇಳದ ಭಾಗ ಕೇಳಿ. 1794ರಲ್ಲಿ, ಕ್ರಾಂತಿಯ ಕಾಲದಲ್ಲಿ, ಪಾದ್ರಿ ಗ್ರೆಗ್ವಾರ್ ಒಂದು ವರದಿ ಮಂಡಿಸಿದ. ಅವನ ಲೆಕ್ಕದಲ್ಲಿ ಕನಿಷ್ಠ 60 ಲಕ್ಷ ಪ್ರಜೆಗಳಿಗೆ ಫ್ರೆಂಚ್ ಬಾರದು. ಶುದ್ಧವಾಗಿ ಆಡಬಲ್ಲವರು 30 ಲಕ್ಷ ಮೀರರು. ಮಿಕ್ಕವರು ಬ್ರೆಟನ್, ಆಕ್ಸಿಟಾನ್, ಬಾಸ್ಕ್, ಕ್ಯಾಟಲಾನ್ ಆಡುತ್ತಿದ್ದರು, ಇಲ್ಲವೇ ತಂತಮ್ಮ ಸೀಮೆಯ ನುಡಿ ಆಡುತ್ತಿದ್ದರು. ಈ 'ಹಳ್ಳಿ ಮಾತು'ಗಳನ್ನು ನಿರ್ನಾಮ ಮಾಡಬೇಕೆಂಬುದು ಆ ವರದಿಯ ತಲೆಬರಹದಲ್ಲೇ ಇತ್ತು!

ನಿರ್ನಾಮದ ಕೆಲಸ ನಡೆದದ್ದು ಶಾಲೆಯಲ್ಲಿ. ಬ್ರಿಟನಿ ಸೀಮೆಯಲ್ಲಿ ತಾಯಿನುಡಿಯಾಡಿದ ಮಗುವಿನ ಕೊರಳಿಗೆ ಮರದ ತುಂಡೋ, ಹಳೆಯ ಮೆಟ್ಟೋ ಕಟ್ಟುತ್ತಿದ್ದರು. ಬ್ರೆಟನ್ ಆಡಿದ ಇನ್ನೊಂದು ಮಗುವನ್ನು ಹಿಡಿದುಕೊಟ್ಟರೆ ಮಾತ್ರ ಅದರಿಂದ ಬಿಡುಗಡೆ. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಆ ಮಗುವಿಗೆ ಶಿಕ್ಷೆ. ಮಗುವನ್ನೇ ಮಗುವಿನ ಮೇಲೆ ಗೂಢಚಾರನನ್ನಾಗಿ ಮಾಡಿದ ವಿದ್ಯೆ ಇದು! ದಕ್ಷಿಣದ ಆಕ್ಸಿಟಾನ್ ಜನ ತಮ್ಮ ನುಡಿಗಾದ ಈ ಗತಿಯನ್ನು 'ವೆರ್ಗೋನ್ಯ', ಅಂದರೆ ನಾಚಿಕೆ, ಎಂದೇ ಕರೆಯುತ್ತಾರೆ. ಅದೇ ನುಡಿಯಲ್ಲಿ ಬರೆದ ಮಿಸ್ತ್ರಾಲ್‌ಗೆ 1904ರಲ್ಲಿ ನೊಬೆಲ್ ಬಂದಿತ್ತು. ಜಗತ್ತು ಹಾರ ಹಾಕಿದ ನುಡಿಗೆ ಮನೆಯಲ್ಲಿ ಮೆಟ್ಟಿನ ಹಾರ!

ಇಂದಿಗಾದರೂ ಬುದ್ಧಿ ಬಂತೇ? 1999ರಲ್ಲಿ ಫ್ರಾನ್ಸ್ ಪ್ರಾದೇಶಿಕ ಭಾಷೆಗಳ ಐರೋಪ್ಯ ಸನ್ನದಿಗೆ ಸಹಿ ಹಾಕಿತು, ಅನುಮೋದಿಸಲೇ ಇಲ್ಲ. ಬ್ರೆಟನ್‌ನಂಥ ಭಾಷೆಗಳನ್ನೇ ಮಾಧ್ಯಮವಾಗಿಸಿ ಕಲಿಸುವ ಅವಕಾಶವನ್ನು 2021ರಲ್ಲಿ ಸಂಸತ್ತು ಕೊಟ್ಟರೆ, ಸಂವಿಧಾನ ಮಂಡಲಿ ಅದನ್ನು ಹೊಡೆದುಹಾಕಿತು.

ಈಗ ಕಡಲಾಚೆ, ಕೆನಡಾದ ಕ್ವೆಬೆಕ್‌ಗೆ ಬನ್ನಿ. ಅಲ್ಲಿ ಫ್ರೆಂಚರೇ ಬಹುಸಂಖ್ಯಾತರು, ಆದರೆ ಯಜಮಾನಿಕೆ ಇಂಗ್ಲಿಷಿನದು. ಫ್ರೆಂಚ್ ಆಡಿದವನಿಗೆ 'ಬಿಳಿಯರ ಭಾಷೆ ಆಡು' ಎಂಬ ಮೂದಲಿಕೆ. ಮಾಂಟ್ರಿಯಲ್‌ನ ಕೂಲಿಕಾರರ ಆಡುಮಾತಿಗೆ ಅಲ್ಲಿನ ವಿದ್ಯಾವಂತರೂ ಮೂಗು ಮುರಿದರು. ಕುದುರೆ ಎಂಬರ್ಥದ 'ಶೆವಾಲ್' ಅವರ ಬಾಯಲ್ಲಿ 'ಜುವಾಲ್' ಆಗುತ್ತಿತ್ತು. ಆ ಹೆಸರಿನಿಂದಲೇ ಹೀಯಾಳಿಸಿದರು. 1968ರಲ್ಲಿ ಮಿಶೆಲ್ ತ್ರಾಂಬ್ಲೆ ಅದೇ ಜುವಾಲ್‌ನಲ್ಲಿ ಬರೆದ ನಾಟಕ ರಂಗಕ್ಕೆ ಬಂತು. ಬೀದಿಯ ಮಾತು ತಲೆಯೆತ್ತಿ ನಿಂತಿತು! 1977ರಲ್ಲಿ 101ನೇ ಕಾನೂನು ಬಂದು ಕಾರ್ಖಾನೆ, ಶಾಲೆ, ಅಂಗಡಿ ಫಲಕಗಳಿಗೆ ಫ್ರೆಂಚನ್ನು ತಂದಿತು. ಫ್ರಾನ್ಸಿನ ರಸ್ತೆಗಳಲ್ಲೇ 'ಸ್ಟಾಪ್' ಎಂಬ ಫಲಕವಿದ್ದರೆ, ಕ್ವೆಬೆಕ್‌ನಲ್ಲಿ 'ಅರೆ' ಎಂಬ ಫ್ರೆಂಚ್ ಪದ. ಇ-ಮೇಲ್‌ಗೆ ಕ್ವೆಬೆಕ್ ಟಂಕಿಸಿದ 'ಕೂರಿಯೆಲ್' ಪದವನ್ನು 2003ರಲ್ಲಿ ಫ್ರಾನ್ಸ್ ಸರ್ಕಾರವೇ ಎರವಲು ಪಡೆಯಿತು. 'ಹಳ್ಳಿ ಫ್ರೆಂಚ್' ಎನಿಸಿಕೊಂಡದ್ದೇ ತವರಿಗೆ ಪದ ಕೊಟ್ಟಿತು!

ಭಾಷೆ ಹೀಗೆಯೇ ಬದುಕುವುದು. ಪ್ಯಾರಿಸ್ಸಿನವರು ತೊಂಬತ್ತಕ್ಕೆ 'ನಾಲ್ಕು ಇಪ್ಪತ್ತು ಹತ್ತು' ಎಂದರೆ, ಬೆಲ್ಜಿಯಂನವರು ನೇರವಾಗಿ 'ನೊನಾಂತ್' ಎನ್ನುತ್ತಾರೆ. ಪ್ಯಾರಿಸ್ಸಿನ ಹೊರವಲಯದ ಹುಡುಗರು ಪದಗಳನ್ನೇ ತಿರುಗಿಸಿ 'ವೆರ್ಲಾನ್' ಎಂಬ ಆಡುಮಾತು ಬೆಳೆಸಿದರು. 'ಫಾಮ್' ಎಂಬ ಹೆಂಗಸು 'ಮೆಫ್' ಆಗಿ ನಿಘಂಟನ್ನೇ ಸೇರಿದಳು. ಅಕಾಡೆಮಿ ತಡೆಯಲು ಆಯಿತೇ?

ಕನ್ನಡಿಗರೇ, ನಮ್ಮ ಮನೆ ನೋಡಿಕೊಳ್ಳೋಣ. ಫಲಕದಲ್ಲಿ ಶೇ. 60 ಕನ್ನಡವಿರಬೇಕೆಂದು 2024ರ ತಿದ್ದುಪಡಿ ಕಾನೂನು ಹೇಳುತ್ತದೆ. ಅದು ಕಾಗದದಲ್ಲಿ ಕೊಳೆಯದಂತೆ ಕಾಯುವುದು ನಮ್ಮ ಕೆಲಸ. ಕನ್ನಡ ಆಡಿದ ಮಗುವಿಗೆ ದಂಡ ಹಾಕುವ ಕಾನ್ವೆಂಟಿಗೂ ಆ ಬ್ರಿಟನಿಯ ಶಾಲೆಗೂ ಏನು ವ್ಯತ್ಯಾಸ? ಅದನ್ನು ಬಾಗಿಲಲ್ಲೇ ನಿಂತು ಕೇಳೋಣ. ಆದರೆ 'ಹೊಂಟೇನ್ರಿ' ಎಂದ ಧಾರವಾಡದವನನ್ನೂ, 'ಮಾರಾಯ್ರೇ' ಎಂದ ಮಂಗಳೂರಿನವನನ್ನೂ ನೋಡಿ ನಗುವವರು ನಾವೇ ಅಲ್ಲವೇ? ತುಳುವರು, ಕೊಡವರು ತಮ್ಮ ನುಡಿಗೆ ಮನ್ನಣೆ ಕೇಳಿದರೆ ಹುಬ್ಬು ಗಂಟಿಕ್ಕುವವರು ನಮ್ಮಲ್ಲಿಲ್ಲವೇ? ನಮ್ಮ ಕೊರಳಿನ ಮೆಟ್ಟನ್ನು ಕಿತ್ತೆಸೆಯುವ ಹೋರಾಟ ಇದು. ಅದನ್ನೇ ಎತ್ತಿ ತಮ್ಮಂದಿರ ಕೊರಳಿಗೆ ಕಟ್ಟುವುದಕ್ಕಲ್ಲ.

ಫ್ರೆಂಚರ ಛಲ ನಮಗಿರಲಿ. ಅವರ ಆ ಮೆಟ್ಟು ನಮಗೆ ಬೇಡ.