ಕರವು ಹೋಯಿತು, ಹೊರೆಯು ಹೋಯಿತೆ?

ರಾಜ್ಯದ ಹಾಗೂ ಊರಿನ ಕರಗಳನ್ನೆಲ್ಲ ತೆಗೆದುಹಾಕಿ ದೇಶಕ್ಕೆಲ್ಲ ಒಂದೇ ಕರವನ್ನಿರಿಸಿದರೆ ಪ್ರಜೆಗಳಿಗೆ ಸುಖವಾಗುವುದೆಂಬ ಮಾತು ಕೇಳಲು ಇಂಪಾಗಿದೆ. ಆದರೆ ಅದರಿಂದ ಜನರ ಹೊರೆಯು ಎಷ್ಟು ಇಳಿಯಿತು, ಊರ ಬೊಕ್ಕಸದ ಗತಿಯೇನಾಯಿತು ಎಂಬುದನ್ನು ನಮ್ಮ ವಾಚಕ ಮಹಾಶಯರು ವಿಚಾರಿಸಬೇಕೆಂದು ಬಿನ್ನವಿಸುತ್ತೇವೆ.

ಮಂಗಳೂರಿನ ಹಳೆಯ ಬಂದರಿಗೆ ಎದುರಾಗಿ, ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡಿರುವ ಮರಳ ನೆಲವೇ ಬೆಂಗ್ರೆ. ಅಲ್ಲಿಯ ಬೆಸ್ತರು ಪೇಟೆಗೆ ಬರಬೇಕಾದರೆ ದೋಣಿಯಲ್ಲಿ ಹೊಳೆ ದಾಟಬೇಕು, ಇಲ್ಲವೆ ತಣ್ಣೀರುಬಾವಿಯ ಕಡೆಯಿಂದ ಸುತ್ತಿ ಬರಬೇಕು. ಇಂಥ ಊರಿಗೆ ಬೇಕಾದ ದೋಣಿಕಟ್ಟೆ, ಕುಡಿಯುವ ನೀರು, ಚರಂಡಿ, ಬೀದಿದೀಪಗಳ ಕಷ್ಟವು ದೆಹಲಿಗೆ ಕಾಣಿಸದು. ಊರವರು ಆರಿಸಿದ ಸಭೆಗೆ ಮಾತ್ರ ಕಾಣಿಸುವುದು. ಆ ಸಭೆಯ ಕೈಯಲ್ಲಿ ಹಣವಿಲ್ಲದಿದ್ದರೆ ಕಂಡೂ ಫಲವೇನು?

1930ರಲ್ಲಿ ಅಂಕೋಲೆಯ ಕಡಲದಂಡೆಯಲ್ಲಿ ನಮ್ಮವರು ಉಪ್ಪಿನ ಕಾಯಿದೆಯನ್ನು ಮುರಿದರು. ಪ್ರಜೆಗಳನ್ನು ಕೇಳದೆ ಪರರು ಹೇರಿದ ಕರವು ಅನ್ಯಾಯವೆಂಬುದೇ ಅದರ ತಾತ್ಪರ್ಯವಾಗಿತ್ತು. ಪ್ರಜೆಗಳೇ ಆರಿಸಿದ ಸಭೆಯು ಹಾಕುವ ಕರವು ಬೇರೆ ಬಗೆಯದು. ಅದು ಸ್ವರಾಜ್ಯದ ಒಂದು ಅಂಗವಾಗಿರುತ್ತದೆ.

ಹಿಂದೆ ಕರ್ನಾಟಕದ ಅನೇಕ ಪಟ್ಟಣಗಳು ಒಳಬರುವ ಸರಕಿನ ಮೇಲೆ ಆಕ್ಟ್ರಾಯ್ ಸುಂಕವನ್ನು ಎತ್ತುತ್ತಿದ್ದವು. ಸುಂಕದ ಕಟ್ಟೆಗಳಲ್ಲಿ ಗಾಡಿಗಳು ಕಾಯಬೇಕಾಗುತ್ತಿತ್ತು, ಲಂಚಕ್ಕೂ ದಾರಿಯಿತ್ತು. ಅದು ಮರಳಿ ಬರಲೆಂದು ನಾವು ಹೇಳುವುದಿಲ್ಲ. 1979ರಲ್ಲಿ ರಾಜ್ಯ ಸರಕಾರವು ಆ ಸುಂಕವನ್ನು ರದ್ದುಪಡಿಸಿ, ಬದಲಿಗೆ ಪ್ರವೇಶ ತೆರಿಗೆಯನ್ನು ತಾನೇ ವಸೂಲು ಮಾಡತೊಡಗಿತು. ಅಂದಿನಿಂದ ಪಟ್ಟಣಗಳು ತಮ್ಮದಾಗಿದ್ದ ಹಣಕ್ಕಾಗಿ ಬೆಂಗಳೂರಿನ ಕಡೆಗೆ ಕೈ ಚಾಚುವಂತಾಯಿತು.

ಪಟ್ಟಣಗಳಿಗೆ ಬಂದ ಗತಿಯೇ ಮುಂದೆ ರಾಜ್ಯಕ್ಕೂ ಬಂದಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದಾಗ ಪ್ರವೇಶ ತೆರಿಗೆ, ಮೌಲ್ಯವರ್ಧಿತ ತೆರಿಗೆಯ ಬಹುಭಾಗ, ಸುಖಸಾಧನಗಳ ಮೇಲಣ ತೆರಿಗೆ ಇವೆಲ್ಲ ಅದರಲ್ಲಿ ಲೀನವಾದವು. ಜಾಹೀರಾತಿನ ಮೇಲಣ ತೆರಿಗೆಯ ಬಾಬೂ ಸಂವಿಧಾನದ ರಾಜ್ಯಪಟ್ಟಿಯಿಂದ ಹೊರಟುಹೋಯಿತು. ಹೊಸ ತೆರಿಗೆಯ ದರವನ್ನು ಗೊತ್ತುಪಡಿಸುವ ಮಂಡಲಿಯಲ್ಲಿ ಕೇಂದ್ರದ ಮತಕ್ಕೆ ಮೂರರಲ್ಲಿ ಒಂದು ಪಾಲಿನ ತೂಕವಿದೆ. ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಆದುದರಿಂದ ರಾಜ್ಯಗಳೆಲ್ಲ ಒಂದಾದರೂ ಕೇಂದ್ರವು ಒಲ್ಲದ ನಿರ್ಣಯವಾಗದು. ಬೆಂಗ್ರೆಯ ಬೆಸ್ತನಾದರೋ ಹಗ್ಗಕ್ಕೂ ದೋಣಿಯ ಯಂತ್ರಕ್ಕೂ ಕರ ಕೊಡುತ್ತಲೇ ಇದ್ದಾನೆ. ಹಳೆಯ ಕರದ ಹೆಸರು ಹೋಯಿತೇ ಹೊರತು ಹೊರೆಯು ಹೋಗಲಿಲ್ಲ.

ನಷ್ಟಕ್ಕೆ ಪರಿಹಾರವನ್ನೇನೋ ಗೊತ್ತುಮಾಡಿದ್ದರು. 2015–16ರ ಆದಾಯವು ವರ್ಷಕ್ಕೆ ನೂರಕ್ಕೆ 14ರಂತೆ ಬೆಳೆಯುವುದೆಂದು ಎಣಿಸಿ, ಕೊರತೆಯನ್ನು ಐದು ವರ್ಷ ತುಂಬಿಕೊಡುವ ಕಾಯಿದೆಯಾಯಿತು. 2020ರಲ್ಲಿ ಪರಿಹಾರದ ಸೆಸ್ಸು ಸಾಲದೆ ಹೋದಾಗ ಸಾಲವೆತ್ತಿ ಹಂಚಬೇಕಾಯಿತು. 2022ರ ಜೂನ್ 30ಕ್ಕೆ ಆ ಅವಧಿಯೂ ಮುಗಿಯಿತು. ಅವಧಿ ಮುಗಿದರೆ ಪರಿಹಾರವು ನಿಲ್ಲುವುದು. ಬಿಟ್ಟುಕೊಟ್ಟ ಹಕ್ಕು ಮಾತ್ರ ಮರಳದು. ಇತ್ತ ಕೇಂದ್ರದ ತೆರಿಗೆಗಳಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿಯೂ ನಮ್ಮ ಪಾಲನ್ನು ನೂರಕ್ಕೆ 4.713ರಿಂದ 3.647ಕ್ಕೆ, 15ನೆಯ ಹಣಕಾಸು ಆಯೋಗವು 2021–26ರ ಅವಧಿಗಾಗಿ ಇಳಿಸಿತು.

ಕೇಂದ್ರವನ್ನು ದೂರುವ ನಮ್ಮ ರಾಜ್ಯ ಸರಕಾರವು ತನ್ನ ಊರುಗಳಿಗೆ ಅದೇ ಅನ್ಯಾಯವನ್ನು ಮಾಡಲಾಗದು. ಒಂದು ಕರವನ್ನು ತೆಗೆಯುವಾಗ, ಅದನ್ನು ಕಳೆದುಕೊಂಡ ಸಭೆಗೆ ಹೊಸ ಕರದಲ್ಲಿ ಇಂತಿಷ್ಟು ಪಾಲೆಂದು ಕಾಯಿದೆಯಲ್ಲಿಯೇ ಬರೆಯತಕ್ಕದ್ದು. ಅದಕ್ಕೆ ಅವಧಿಯ ಕಟ್ಟು ಇರಬಾರದು. ಪುರಜನರೂ ತಮಗೆ ಉಳಿದಿರುವ ಮನೆಕಂದಾಯವನ್ನು ತಪ್ಪದೆ ಕೊಟ್ಟು ಲೆಕ್ಕವನ್ನು ಕೇಳತಕ್ಕದ್ದು.

1956ರಲ್ಲಿ ಮಂಗಳೂರು ಮದರಾಸಿನ ಆಡಳಿತದಿಂದ ಬಿಡುಗಡೆ ಹೊಂದಿ ಕನ್ನಡನಾಡನ್ನು ಸೇರಿತು. ಒಂದು ದೂರದ ಬಾಗಿಲನ್ನು ಬಿಟ್ಟು ಇನ್ನೊಂದು ದೂರದ ಬಾಗಿಲಲ್ಲಿ ಬೇಡಿ ನಿಲ್ಲುವುದಕ್ಕಾಗಿ ನಮ್ಮ ಹಿರಿಯರು ಏಕೀಕರಣವನ್ನು ಬಯಸಲಿಲ್ಲ.