ಹೂವು ನಮ್ಮ ರಜೆಗಾಗಿ ಕಾಯುವುದಿಲ್ಲ



ಕಾಸರಗೋಡು ಕಡೆಯ ಹಿರಿಯ ವಾಚಕಿಯೊಬ್ಬರು ನಮಗೊಂದು ಕಾಗದ ಬರೆದಿದ್ದಾರೆ. ಬರುವ ವಸಂತದಲ್ಲಿ ಮಗ ಸೊಸೆಯರು ಅವರನ್ನು ಜಪಾನಿಗೆ ಕರೆದೊಯ್ಯುವರಂತೆ. ಅಲ್ಲಿಯ ಚೆರ್ರಿ ಮರಗಳು ಹೂಬಿಟ್ಟುದನ್ನು ಒಮ್ಮೆ ಕಣ್ತುಂಬ ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಮೊಮ್ಮಗನ ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವ ಹೊತ್ತಿಗೆ ಮಾರ್ಚ್ ತಿಂಗಳೂ ಮುಗಿಯುತ್ತದೆ. "ನನ್ನ ಮೊಣಕಾಲು ಇಷ್ಟು ದೂರಕ್ಕೆ ಇನ್ನೊಂದು ಸಲ ಒಪ್ಪಲಾರದು. ಯಾವ ತಾರೀಖಿಗೆ ಟಿಕೆಟು ತೆಗೆಸಲು ಹೇಳಲಿ?" ಎಂದು ಕೇಳಿದ್ದಾರೆ.

ತಾಯಿ, ತಾರೀಖನ್ನು ಖಚಿತವಾಗಿ ಹೇಳಬಲ್ಲವರು ಜಪಾನಿನಲ್ಲಿಯೂ ಇಲ್ಲ. ಆದರೆ ನಿರಾಶೆಯಾಗದಂತೆ ಯೋಜಿಸುವ ಬಗೆಯನ್ನು ಹೇಳಬಹುದು. ಅದನ್ನು ನಾವು ಪುಸ್ತಕದಿಂದ ಕಲಿತವರಲ್ಲ, ಎಡವಿ ಕಲಿತವರು.

2023ರ ಏಪ್ರಿಲ್ ಎರಡನೆಯ ವಾರದಲ್ಲಿ ನಾವು ವೃದ್ಧ ತಾಯಿಯವರೊಡನೆ ಟೋಕಿಯೋ ನಗರದಲ್ಲಿ ಇಳಿದೆವು. ಆರು ತಿಂಗಳು ಮೊದಲೇ ವಿಮಾನ, ವಸತಿ ಎಲ್ಲವೂ ನಿಶ್ಚಯವಾಗಿದ್ದವು. ಏಪ್ರಿಲ್ ಎಂದರೆ ಹೂವಿನ ತಿಂಗಳೆಂದು ಯಾರೋ ಹೇಳಿದ್ದನ್ನು ನಂಬಿ, ಹೆಚ್ಚು ವಿಚಾರಿಸದೆ ಹಣ ಕಟ್ಟಿದ್ದೆವು. ಆ ವರ್ಷ ಟೋಕಿಯೋದಲ್ಲಿ ಮಾರ್ಚ್ 14ಕ್ಕೇ ಹೂ ಅರಳಲಾರಂಭಿಸಿ, ಮಾರ್ಚ್ 22ಕ್ಕೆ ಪೂರ್ಣವಾಗಿ ಅರಳಿಯೂ ಆಗಿತ್ತು. ನಾವು ಹೋದಾಗ ನದಿಯ ದಂಡೆಯ ಸಾಲುಮರಗಳಲ್ಲಿ ಇದ್ದುದು ಎಳೆಯ ಹಸುರೆಲೆ ಮಾತ್ರ. ತಾಯಿಯವರು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿ, "ಮರವೂ ಚೆನ್ನಾಗಿಯೇ ಇದೆ" ಎಂದರು. ಆ ಮಾತು ನಮಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಹೀಗೇಕಾಯಿತೆಂದು ಅನಂತರ ವಿಚಾರಿಸಿ ತಿಳಿದೆವು. ಜಪಾನಿನ ಊರೂರುಗಳಲ್ಲಿ ಕಾಣುವ ಚೆರ್ರಿಯ ಬಹುಪಾಲು 'ಸೋಮೇ ಯೋಶಿನೋ' ಎಂಬ ಒಂದೇ ಜಾತಿ. ಟೋಕಿಯೋ ಬಳಿಯ ಸೋಮೇ ಹಳ್ಳಿಯ ತೋಟಗಾರರಿಂದ 19ನೆಯ ಶತಮಾನದಲ್ಲಿ ಪ್ರಚಾರಕ್ಕೆ ಬಂದ ಈ ಮರವನ್ನು ಬೀಜದಿಂದ ಬೆಳೆಸುವುದಿಲ್ಲ. ಕಸಿ ಕಟ್ಟಿ ಬೆಳೆಸುತ್ತಾರೆ. ಆದುದರಿಂದ ಎಲ್ಲ ಮರಗಳೂ ಒಂದೇ ಮರದ ಪಡಿಯಚ್ಚುಗಳು. ಒಂದು ಊರಿನ ಸಾವಿರ ಮರಗಳು ಒಟ್ಟಿಗೆ ಅರಳಿ ಒಟ್ಟಿಗೆ ಉದುರುವುದು ಈ ಕಾರಣದಿಂದಲೇ. ಆ ಸೊಬಗೂ, ನಮ್ಮಂಥವರ ದುರದೃಷ್ಟವೂ ಒಂದೇ ಬೇರಿನವು.

ಮೊಗ್ಗು ಹಿಂದಿನ ಬೇಸಗೆಯಲ್ಲಿಯೇ ಮೂಡಿ ನಿದ್ರಿಸುತ್ತದೆ. ಅದನ್ನು ಎಬ್ಬಿಸಲು ಚಳಿಗಾಲದ ತಂಪು ಬೇಕು. ಎದ್ದ ಮೇಲೆ ಅರಳಿಸಲು ವಸಂತದ ಬೆಚ್ಚನೆಯ ಗಾಳಿ ಬೇಕು. ಈ ಎರಡರ ಲೆಕ್ಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಅಲ್ಲಿಯ ಹವಾಮಾನ ಇಲಾಖೆಯು ಊರಿಗೊಂದು ಮಾದರಿ ಮರವನ್ನು ಗೊತ್ತುಮಾಡಿದೆ. ಟೋಕಿಯೋದ ಮರವು ಯಾಸುಕುನಿ ಮಂದಿರದ ಆವರಣದಲ್ಲಿದೆ. ಅಧಿಕಾರಿಯು ಅದರಲ್ಲಿ ಐದಾರು ಹೂಗಳನ್ನು ಎಣಿಸಿದರೆ 'ಹೂ ಅರಳಿತು' ಎಂದು ಘೋಷಣೆ. ನೂರಕ್ಕೆ ಎಂಬತ್ತು ಮೊಗ್ಗುಗಳು ಬಿರಿದರೆ 'ಪೂರ್ಣ ಅರಳಿತು'. ಮೊದಲನೆಯದಕ್ಕೂ ಎರಡನೆಯದಕ್ಕೂ ಸುಮಾರು ಒಂದು ವಾರ. ಅನಂತರದ ಸೊಬಗು ಮತ್ತೊಂದು ವಾರ. ನಡುವೆ ಗಾಳಿ ಮಳೆ ಬಂದರೆ ಅಷ್ಟೂ ಇಲ್ಲ.

1991ರಿಂದ 2020ರವರೆಗಿನ ಸರಾಸರಿಯಂತೆ ಟೋಕಿಯೋದಲ್ಲಿ ಹೂ ಅರಳುವುದು ಮಾರ್ಚ್ 24ಕ್ಕೆ. ಆದರೆ 2023ರಲ್ಲಿ ಹತ್ತು ದಿನ ಮೊದಲೇ ಅರಳಿತು. 2024ರಲ್ಲಿ ಮಾರ್ಚ್ 29ರವರೆಗೆ ಕಾಯಿಸಿತು. ಕ್ಯೋಟೋ ನಗರದ ಹೂವಿನ ದಾಖಲೆಗಳು ಹಳೆಯ ದಿನಚರಿಗಳ ಮೂಲಕ 9ನೆಯ ಶತಮಾನದವರೆಗೂ ಹಿಂದೆ ಹೋಗುತ್ತವೆ. 2021ರ ಮಾರ್ಚ್ 26ರಂದು ಅಲ್ಲಿ ಹೂ ಪೂರ್ಣವಾಗಿ ಅರಳಿದುದು ಅಲ್ಲಿಯವರೆಗಿನ ಸಾವಿರದ ಇನ್ನೂರು ವರ್ಷಗಳಲ್ಲೇ ಅತಿ ಬೇಗನೆಯದೆಂದು ವಿದ್ವಾಂಸರು ಆಗ ಕಂಡುಕೊಂಡರು. ಭೂಮಿ ಕಾಯುತ್ತಿರುವಂತೆ ಹೂವೂ ಮುಂಚಿತವಾಗುತ್ತಿದೆ. ಆದುದರಿಂದ ಹಳೆಯ ಪ್ರವಾಸಿ ಪುಸ್ತಕಗಳ ಪಟ್ಟಿಯನ್ನು ನಂಬಿ ಹೊರಡತಕ್ಕದ್ದಲ್ಲ.

ಹಾಗಾದರೆ ಉಪಾಯವೇನು? ತಾರೀಖನ್ನು ಹೂವಿಗೆ ಹೊಂದಿಸಲಾಗದವರು ಊರನ್ನು ತಾರೀಖಿಗೆ ಹೊಂದಿಸಿಕೊಳ್ಳಬೇಕು. ಜಪಾನು ದಕ್ಷಿಣೋತ್ತರವಾಗಿ ನೀಳವಾದ ದೇಶ. ಹೂವು ಅಲ್ಲಿ ಮೆರವಣಿಗೆಯಂತೆ ಉತ್ತರಕ್ಕೆ ಸಾಗುತ್ತದೆ. ಕ್ಯೋಟೋದಲ್ಲಿ ಪೂರ್ಣ ಅರಳುವ ಸರಾಸರಿ ದಿನ ಏಪ್ರಿಲ್ 4. ಹೂ ಮೊದಲು ಅರಳುವುದು ಸೆಂಡಾಯಿ ನಗರದಲ್ಲಿ ಏಪ್ರಿಲ್ 8ಕ್ಕೆ, ಅವೊಮೊರಿಯಲ್ಲಿ 22ಕ್ಕೆ, ಉತ್ತರದ ಹೊಕ್ಕಾಯಿಡೋ ದ್ವೀಪದ ಸಪ್ಪೋರೋದಲ್ಲಿ ಮೇ 1ಕ್ಕೆ. ಮೆರವಣಿಗೆ ಬೆಟ್ಟವನ್ನೂ ಏರುತ್ತದೆ. ನಾರಾ ಪ್ರಾಂತದ ಯೋಶಿನೋ ಬೆಟ್ಟದಲ್ಲಿ ಸುಮಾರು ಮೂವತ್ತು ಸಾವಿರ ಚೆರ್ರಿ ಮರಗಳಿವೆ. ಕೆಳಗಿನ ಇಳಿಜಾರಿನಲ್ಲಿ ಹೂ ಉದುರುವಾಗ ಮೇಲಿನ ತೋಪಿನಲ್ಲಿ ಮೊಗ್ಗು ಬಿರಿಯುತ್ತಿರುತ್ತದೆ. ಪರೀಕ್ಷೆ ಮುಗಿಯುವವರೆಗೆ ಹೊರಡಲಾಗದ ನಮ್ಮ ಗಡಿನಾಡಿನ ಮನೆಗಳಿಗೆ ಇದಕ್ಕಿಂತ ದೊಡ್ಡ ಸಮಾಧಾನವಿಲ್ಲ.

ಆದ ಕಾರಣ, ನಮ್ಮ ವಾಚಕಿಯವರಿಗೆ ಹೇಳುವುದಿಷ್ಟು. ಏಪ್ರಿಲ್ ಮೊದಲ ವಾರದಲ್ಲಿ ಹೊರಟು ಹತ್ತು ಹನ್ನೆರಡು ದಿನ ಇರುವಂತೆ ಟಿಕೆಟು ತೆಗೆಸಿರಿ. ಮೊದಲು ಕ್ಯೋಟೋ, ಅನಂತರ ಸೆಂಡಾಯಿ. ಟೋಕಿಯೋದಿಂದ ಸೆಂಡಾಯಿಗೆ ಶಿಂಕಾನ್ಸೆನ್ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ಅದರ ದಕ್ಷಿಣಕ್ಕೆ ಒಗಾವರಾ ಊರಿನ ಬಳಿ ಶಿರೋಯಿಶಿ ನದಿಯ ದಂಡೆಯುದ್ದಕ್ಕೂ ಎಂಟು ಕಿಲೋಮೀಟರು ಚೆರ್ರಿಯ ಸಾಲಿದೆ. ದಾರಿ ಸಮತಟ್ಟಾದುದರಿಂದ ಮೊಣಕಾಲಿಗೆ ಹಿತ. ಯೋಶಿನೋ ಬೆಟ್ಟದ ಏರನ್ನು ಮೊಮ್ಮಗನಿಗೆ ಬಿಡಿ. ಹೂವು ಬೇಗ ಬಂದರೆ ಉತ್ತರದ ಊರು, ತಡವಾದರೆ ಕ್ಯೋಟೋ, ಎರಡರಲ್ಲೊಂದು ಕೈಹಿಡಿದೀತು.

ಇನ್ನು ಕೆಲವು ಸೂಚನೆಗಳು. ವಸತಿಯನ್ನು ಬೇಗನೆ ಗೊತ್ತುಮಾಡಿದರೂ ರದ್ದುಮಾಡಿದರೆ ಹಣ ಹಿಂದಿರುಗುವಂಥದನ್ನೇ ಆರಿಸಬೇಕು. ಹೂವಿನ ಮುನ್ಸೂಚನೆಗಳನ್ನು ಈಗ ಖಾಸಗಿ ಸಂಸ್ಥೆಗಳು ಹೊರಡಿಸುತ್ತವೆ. ಜನವರಿಯಿಂದ ಅವನ್ನು ಗಮನಿಸುತ್ತಾ ಬಂದು, ಮಾರ್ಚ್ ಮಧ್ಯದಲ್ಲಿ ಊರುಗಳ ಸರದಿಯನ್ನು ನಿರ್ಧರಿಸಿರಿ. ಏಪ್ರಿಲ್ 29ರಿಂದ ಮೇ 5ರವರೆಗೆ ಅಲ್ಲಿ ರಜೆಗಳ ಸಾಲು. ಆಗ ರೈಲಿಗೂ ವಸತಿಗೂ ಬಹಳ ನೂಕುನುಗ್ಗಲು. ಬೆಂಗಳೂರು ಹತ್ತಿರವೆಂದು ಹೊಸೂರಿನವರು ಅಲ್ಲಿಗೆ ಓಡಬಾರದು. ವೀಸಾಕ್ಕೆ ವಾಸದ ವಿಳಾಸವೇ ಲೆಕ್ಕ. ತಮಿಳುನಾಡು, ಕೇರಳದವರು ಚೆನ್ನೈಯ ಜಪಾನ್ ದೂತಾವಾಸದ ವ್ಯಾಪ್ತಿಗೂ, ಮಹಾರಾಷ್ಟ್ರ, ಗೋವಾದವರು ಮುಂಬಯಿಯ ವ್ಯಾಪ್ತಿಗೂ ಸೇರುತ್ತಾರೆ.

ಹೂಗಾಲದ ರಾತ್ರಿ ಬಹಳ ತಂಪು. ನೀಲಗಿರಿಯ ವಾಚಕರಿಗೆ ಅದು ಹೊಸದಲ್ಲ. ಕಾಸರಗೋಡು, ಸೊಲ್ಲಾಪುರದವರು ಉಣ್ಣೆಯ ಬಟ್ಟೆಯನ್ನು ಮರೆಯಬಾರದು. ಸಸ್ಯಾಹಾರಿಗಳು ಎಚ್ಚರದಿಂದಿರಬೇಕು, ಅಲ್ಲಿಯ ಸಾರು ತರಕಾರಿಯದೆಂದು ಕಂಡರೂ ಅದರ ತಿಳಿಯನ್ನು ಹೆಚ್ಚಾಗಿ ಒಣಮೀನಿನಿಂದ ತೆಗೆದಿರುತ್ತಾರೆ. ಬೌದ್ಧ ಮಠಗಳ 'ಶೋಜಿನ್ ರ್ಯೋರಿ' ಊಟದಲ್ಲಿ ಮೀನು ಮಾಂಸಗಳಿಲ್ಲ. ಅವಲಕ್ಕಿ, ಚಟ್ನಿಪುಡಿಯ ಪೊಟ್ಟಣ ಜೊತೆಗಿದ್ದರೆ ನಿಶ್ಚಿಂತೆ.

ನಮ್ಮ ಕಥೆ ಹಸುರೆಲೆಯಲ್ಲಿಯೇ ಮುಗಿಯಲಿಲ್ಲ. ತಂಗಿದ್ದ ಮನೆಯಾಕೆ ನಮ್ಮ ಮುಖ ನೋಡಿ, ಶಿಂಜುಕು ಗ್ಯೋಯೆನ್ ಎಂಬ ಉದ್ಯಾನಕ್ಕೆ ಹೋಗಿರೆಂದು ನಕಾಶೆಯಲ್ಲಿ ಬೆರಳಿಟ್ಟು ತೋರಿಸಿದರು. ತಡವಾಗಿ ಅರಳುವ ಬೇರೆ ಜಾತಿಯ ಚೆರ್ರಿಗಳು ಅಲ್ಲಿವೆ. ಏಳುಸುತ್ತಿನ ಮಲ್ಲಿಗೆಯಂತೆ ಎಸಳಿನ ಮೇಲೆ ಎಸಳು ತುಂಬಿದ ಗುಲಾಬಿ ಬಣ್ಣದ ಗೊಂಚಲುಗಳು ಕೈಗೆಟಕುವಂತೆ ಬಾಗಿದ್ದವು. ತಾಯಿಯವರು ಅದರಡಿಯ ಬೆಂಚಿನಲ್ಲಿ ಮಧ್ಯಾಹ್ನವೆಲ್ಲ ಕುಳಿತರು. ಪಕ್ಕದಲ್ಲಿ ಅವರ ವಯಸ್ಸಿನ ಜಪಾನಿ ಅಜ್ಜಿಯೊಬ್ಬರು. ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಮಾತು ನಿಲ್ಲಲಿಲ್ಲ.

ನದಿದಂಡೆಯ ಹೂವನ್ನು ಮರುವರ್ಷ ತೋರಿಸುತ್ತೇವೆಂದು ಅಂದು ಮಾತು ಕೊಟ್ಟೆವು. ಮರುವರ್ಷದ ಹೊತ್ತಿಗೆ ಅವರಿಗೆ ಮನೆಯ ಮೆಟ್ಟಿಲೇ ದೂರವಾಗಿತ್ತು. ಆದುದರಿಂದ ತಾಯಿ, ತಾರೀಖನ್ನು ಊಹಿಸುತ್ತಾ ಇನ್ನೊಂದು ವರ್ಷ ಕಳೆಯಬೇಡಿ. ಮೊಣಕಾಲು ಒಪ್ಪುತ್ತಿರುವಾಗಲೇ ಹೊರಡಿ. ಹಿಂದಿರುಗಿ ಬಂದ ಮೇಲೆ ನಮಗೆ ನಾಲ್ಕು ಸಾಲು ಬರೆಯಿರಿ.